ನಾಲ್ಕು ಸಲ ಎಂಟರ್ ಒತ್ತಿದರೆ ದುಡ್ಡು ನಾಲ್ಕು ಪಟ್ಟಾಗಬೇಕಾ? ಸಾಫ್ಟ್‌ವೇರ್ ವಿನ್ಯಾಸವನ್ನು ಗಣಿತದಲ್ಲಿ ಬರೆಯುವುದರ ರಾಜಕೀಯ

2015ರ ಅಕ್ಟೋಬರ್. ಸ್ಕಾಟ್ಲೆಂಡಿನ ಡಾಲ್ಮೆಲಿಂಗ್ಟನ್ ಎಂಬ ಊರಿನ ಅಂಚೆ ಕಚೇರಿ. ಅಲ್ಲಿನ ಪೋಸ್ಟ್‌ಮಿಸ್ಟ್ರೆಸ್ 8,000 ಪೌಂಡ್ ನಗದಿದ್ದ ಒಂದು ಚೀಲವನ್ನು ತಾವೇ ನಡೆಸುತ್ತಿದ್ದ ಇನ್ನೊಂದು ಸಣ್ಣ ಶಾಖೆಯ ಲೆಕ್ಕಕ್ಕೆ ಜಮೆ ಮಾಡಬೇಕಿತ್ತು. ಬಾರ್‌ಕೋಡ್ ಸ್ಕ್ಯಾನ್ ಮಾಡಿ ಎಂಟರ್ ಒತ್ತಿದರು. ಸ್ಕ್ರೀನ್ ಮುಂದಕ್ಕೆ ಹೋಗಲಿಲ್ಲ. ಮತ್ತೆ ಒತ್ತಿದರು. ಮತ್ತೂ ಒತ್ತಿದರು. ನಾವಾದರೂ ಅದನ್ನೇ ಮಾಡುತ್ತಿದ್ದೆವು, ಅಲ್ವಾ? ಕೊನೆಗೆ ಲೆಕ್ಕ ನೋಡಿದರೆ ಅದೇ ಒಂದು ಚೀಲ ನಾಲ್ಕು ಸಲ ಜಮೆಯಾಗಿತ್ತು. ಕಂಪ್ಯೂಟರ್ ಪ್ರಕಾರ ಅಲ್ಲಿ ಇರಬೇಕಾದದ್ದು 32,000 ಪೌಂಡ್. ಕೈಯಲ್ಲಿ ಇದ್ದದ್ದು 8,000. ಅಂದರೆ ಯಾರೂ ಕದಿಯದ 24,000 ಪೌಂಡ್ ‘ಕೊರತೆ’.

ಆ ಕಂಪ್ಯೂಟರ್ ವ್ಯವಸ್ಥೆಯ ಹೆಸರು ಹೊರೈಜನ್. ಬ್ರಿಟನ್ನಿನ ಪೋಸ್ಟ್ ಆಫೀಸಿಗಾಗಿ ಫುಜಿತ್ಸು ನಡೆಸುತ್ತಿದ್ದದ್ದು. ಇದೇ ದೋಷ 5 ವರ್ಷಗಳಲ್ಲಿ 112 ಬಾರಿ ಕಾಣಿಸಿಕೊಂಡಿತ್ತು ಎಂಬುದು ಆಮೇಲೆ ಹೊರಬಂತು. ಡಾಲ್ಮೆಲಿಂಗ್ಟನ್ನಿನ ಲೆಕ್ಕ ಸರಿಹೋಯಿತು, ಆಕೆ ಜೈಲಿಗೆ ಹೋಗಲಿಲ್ಲ. ಆದರೆ ಹೊರೈಜನ್ ತೋರಿಸಿದ ಇಂಥ ಬೇರೆ ಬೇರೆ ಕೊರತೆಗಳ ಹೆಸರಲ್ಲಿ 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಮಂದಿಗೆ ಕಳ್ಳತನ, ಸುಳ್ಳು ಲೆಕ್ಕ, ವಂಚನೆಯ ಆರೋಪದಲ್ಲಿ ಶಿಕ್ಷೆಯಾಯಿತು. ಹಲವರು ಮನೆ ಮಾರಿದರು. ಕೆಲವರು ಜೀವ ಕಳೆದುಕೊಂಡರು. ಈ ವ್ಯವಸ್ಥೆಯಲ್ಲಿ ದೋಷಗಳಿದ್ದವು ಎಂದು ಲಂಡನ್ನಿನ ಹೈಕೋರ್ಟ್ ಹೇಳಿದ್ದು 2019ರ ಡಿಸೆಂಬರಿನಲ್ಲಿ. ಶಿಕ್ಷೆಗಳನ್ನು ಸಾಮೂಹಿಕವಾಗಿ ರದ್ದುಮಾಡಲು ಸಂಸತ್ತು ಕಾನೂನು ತಂದದ್ದು 2024ರಲ್ಲಿ.

ಈ ಕತೆಯನ್ನು ಅಧಿಕಾರದ ಅಹಂಕಾರದ ಕತೆಯಾಗಿ ಹೇಳಬಹುದು. ಅದು ಸರಿಯೂ ಹೌದು. ಆದರೆ ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದ ನನಗೆ ಇದರೊಳಗೆ ಇನ್ನೊಂದು ಪ್ರಶ್ನೆ ಕಾಣುತ್ತದೆ. ಒಂದೇ ವಿನಂತಿ ನಾಲ್ಕು ಸಲ ಬಂದರೂ ಒಂದೇ ಸಲ ಲೆಕ್ಕಕ್ಕೆ ಹಿಡಿಯಬೇಕು ಅನ್ನೋದು ಸಾಫ್ಟ್‌ವೇರ್ ಲೋಕಕ್ಕೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಅದಕ್ಕೆ ಹೆಸರಿದೆ, ಪುಸ್ತಕವಿದೆ. ಹಾಗಿದ್ದರೂ ‘ನಮ್ಮ ಸಿಸ್ಟಮ್ ಸರಿಯಾಗಿದೆ’ ಅಂತ ಹೇಳುವವರ ಬಳಿ ‘ಸರಿ’ ಅಂದರೆ ಏನು ಎಂಬುದು ಎಲ್ಲಿ ಬರೆದಿರುತ್ತದೆ? ಹೇಗೆ ಬರೆದಿರುತ್ತದೆ? ಈ ಲೇಖನ ಅದರ ಬಗ್ಗೆ.

ಪ್ಯಾಟರ್ನ್ ಅಂದರೆ ಏನು?

ಡಿಸೈನ್ ಪ್ಯಾಟರ್ನ್ ಎಂಬ ಯೋಚನೆ ಬಂದದ್ದು ಕಂಪ್ಯೂಟರ್‌ನಿಂದಲ್ಲ, ಕಟ್ಟಡ ಕಟ್ಟುವವರಿಂದ. ವಾಸ್ತುಶಿಲ್ಪಿ ಕ್ರಿಸ್ಟೋಫರ್ ಅಲೆಕ್ಸಾಂಡರ್ ಮತ್ತು ಸಂಗಡಿಗರು 1977ರಲ್ಲಿ ‘ಎ ಪ್ಯಾಟರ್ನ್ ಲ್ಯಾಂಗ್ವೇಜ್’ ಎಂಬ ಪುಸ್ತಕ ತಂದರು. ಊರು, ಬೀದಿ, ಮನೆ, ಕಿಟಕಿ ಹೀಗೆ ಮತ್ತೆ ಮತ್ತೆ ಎದುರಾಗುವ ಸಮಸ್ಯೆಗಳಿಗೆ ಮತ್ತೆ ಮತ್ತೆ ಕೆಲಸಕ್ಕೆ ಬರುವ 253 ಪರಿಹಾರಗಳು ಅದರಲ್ಲಿದ್ದವು. ನಮ್ಮ ಹಳೆ ಮನೆಗಳಲ್ಲಿ ಜಗುಲಿ ಇರುತ್ತಿತ್ತಲ್ಲ, ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗ? ಅದೊಂದು ಪ್ಯಾಟರ್ನ್. ಯಾವ ಮನೆಗೆ ಎಷ್ಟು ಅಗಲದ ಜಗುಲಿ ಅಂತ ಅದು ಹೇಳಲ್ಲ. ಸಮಸ್ಯೆ ಯಾವುದು, ಪರಿಹಾರದ ಆಕಾರ ಎಂಥದ್ದು ಅಂತಷ್ಟೇ ಹೇಳುತ್ತದೆ.

ಸಾಫ್ಟ್‌ವೇರ್ ಮಂದಿ ಈ ಯೋಚನೆಯನ್ನು ಎತ್ತಿಕೊಂಡರು. 1994ರಲ್ಲಿ ಎರಿಕ್ ಗಾಮಾ, ರಿಚರ್ಡ್ ಹೆಲ್ಮ್, ರಾಲ್ಫ್ ಜಾನ್ಸನ್, ಜಾನ್ ವ್ಲಿಸಿಡಿಸ್ ಸೇರಿ ಬರೆದ ‘ಡಿಸೈನ್ ಪ್ಯಾಟರ್ನ್ಸ್’ ಪುಸ್ತಕದಲ್ಲಿ 23 ಪ್ಯಾಟರ್ನ್‌ಗಳಿದ್ದವು. ಆ ನಾಲ್ವರಿಗೆ ‘ಗ್ಯಾಂಗ್ ಆಫ್ ಫೋರ್’ ಅಂತಲೇ ಹೆಸರು ಬಿತ್ತು. 2003ರಲ್ಲಿ ಗ್ರೆಗರ್ ಹೋಪ್ ಮತ್ತು ಬಾಬಿ ವುಲ್ಫ್, ಬೇರೆ ಬೇರೆ ಸಿಸ್ಟಮ್‌ಗಳು ಸಂದೇಶ ಕಳಿಸಿಕೊಂಡು ಒಟ್ಟಿಗೆ ಕೆಲಸ ಮಾಡುವ ಪ್ಯಾಟರ್ನ್‌ಗಳ ಪುಸ್ತಕ ತಂದರು. ಅದರಲ್ಲಿ ಒಂದರ ಹೆಸರು ‘ಐಡೆಂಪೊಟೆಂಟ್ ರಿಸೀವರ್’. ಅದೇ ಸಂದೇಶ ಎಷ್ಟು ಸಲ ಬಂದರೂ ಪರಿಣಾಮ ಒಂದೇ ಆಗಿರಬೇಕು ಅನ್ನೋದು ಅದರ ಸಾರ. ಲಿಫ್ಟ್‌ನ ಬಟನ್ ಹತ್ತು ಸಲ ಒತ್ತಿದರೂ ಲಿಫ್ಟ್ ಬರುವುದು ಒಂದೇ ಸಲ ತಾನೆ? ಹಾಗೆ.

ಮಾತಿನ ವಿವರಣೆ ಎಲ್ಲಿ ಕೈಕೊಡುತ್ತದೆ?

ಈ ಪುಸ್ತಕಗಳೆಲ್ಲ ಪ್ಯಾಟರ್ನ್‌ಗಳನ್ನು ಮಾತಿನಲ್ಲಿ, ಡಬ್ಬಿ-ಬಾಣದ ಚಿತ್ರಗಳಲ್ಲಿ, ಒಂದಿಷ್ಟು ಕೋಡ್‌ನಲ್ಲಿ ವಿವರಿಸುತ್ತವೆ. ಕಾಲೇಜಿನಲ್ಲಿ ನಾವೂ ಆ ಚಿತ್ರಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬಿಡಿಸಿದವರೇ. ಚಿತ್ರ ಸರಿಯಿದ್ದರೆ ಅಂಕ ಬರುತ್ತಿತ್ತು. ಚಿತ್ರ ಹೇಳುವ ಮಾತು ನಿಜವಾ ಅಂತ ಯಾರೂ ಕೇಳುತ್ತಿರಲಿಲ್ಲ.

ಮಾತಿನ ವಿವರಣೆ ಕಲಿಯಲು ಸುಲಭ. ಆದರೆ ಅದರಲ್ಲಿ ಸಂದುಗಳಿರುತ್ತವೆ. ಗ್ಯಾಂಗ್ ಆಫ್ ಫೋರ್‌ನ ‘ಅಬ್ಸರ್ವರ್’ ಪ್ಯಾಟರ್ನ್ ನೋಡಿ. ಒಂದು ವಸ್ತು ಬದಲಾದಾಗ ಅದನ್ನು ಗಮನಿಸುತ್ತಿರುವ ಎಲ್ಲರಿಗೂ ಸುದ್ದಿ ಹೋಗಬೇಕು. ಕೇಳಲು ಸರಳ. ಈಗ ಎರಡು ಪ್ರಶ್ನೆ: ಸುದ್ದಿ ಹಂಚುತ್ತಿರುವಾಗಲೇ ಒಬ್ಬ ‘ನನಗೆ ಬೇಡ’ ಅಂತ ಎದ್ದು ಹೋದರೆ? ಸುದ್ದಿ ಕೇಳಿದವನೇ ಆ ವಸ್ತುವನ್ನು ಮತ್ತೆ ಬದಲಿಸಿದರೆ, ಸಾಲಿನ ಕೊನೆಯಲ್ಲಿರುವವರಿಗೆ ತಲುಪುವುದು ಹಳೆ ಸುದ್ದಿಯಾ, ಹೊಸದಾ? ಒಂದು ವಾಕ್ಯದ ವಿವರಣೆಯಲ್ಲಿ ಇದಕ್ಕೆ ಉತ್ತರವಿಲ್ಲ. ಹತ್ತು ಎಂಜಿನಿಯರ್‌ಗಳು ಹತ್ತು ಥರ ಊಹಿಸಿಕೊಂಡು ಕೋಡ್ ಬರೆಯುತ್ತಾರೆ. ಹತ್ತೂ ಜನ ‘ನಾನು ಅಬ್ಸರ್ವರ್ ಪ್ಯಾಟರ್ನನ್ನೇ ಬಳಸಿದ್ದೇನೆ’ ಅನ್ನುತ್ತಾರೆ. ಯಾರದ್ದೂ ಸುಳ್ಳಲ್ಲ.

ಕಾನೂನು ಓದುವವರಿಗೆ ಇದು ಚೆನ್ನಾಗಿ ಗೊತ್ತು. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬ ಸರ್ಕಾರಿ ಆದೇಶವನ್ನು ಯಾರೂ ಉಲ್ಲಂಘಿಸಲು ಸಾಧ್ಯವಿಲ್ಲ. ಯಾಕೆಂದರೆ ಅದು ಏನನ್ನೂ ಹೇಳಿಲ್ಲ.

ಗಣಿತದಲ್ಲಿ ಬರೆಯುವುದು ಅಂದರೆ ಹೇಗೆ?

ಫಾರ್ಮಲ್ ಮೆಥಡ್ಸ್ ಎಂದರೆ ಸಿಸ್ಟಮ್ಮಿನ ವಿನ್ಯಾಸವನ್ನು ಗಣಿತದ ಭಾಷೆಯಲ್ಲಿ ಬರೆದು, ಅದು ಹೇಳಿದಂತೆ ನಡೆಯುತ್ತದಾ ಅಂತ ಪರೀಕ್ಷಿಸುವ ವಿಧಾನಗಳು. ಇಲ್ಲಿ ‘ಗಣಿತ’ ಅಂದರೆ ಕ್ಯಾಲ್ಕುಲಸ್ ಅಲ್ಲ, ಹೆದರಬೇಡಿ. ಹೆಚ್ಚಿನದ್ದು ಗಣಗಳು ಮತ್ತು ತರ್ಕ: ‘ಸೇರಿದೆ’, ‘ಸೇರಿಲ್ಲ’, ‘ಎಲ್ಲಕ್ಕೂ’, ‘ಆದರೆ’, ‘ಹಾಗಾದರೆ’. ಹೈಸ್ಕೂಲಿನಲ್ಲಿ ವೃತ್ತ ಬಿಡಿಸಿ ಕಲಿತದ್ದೇ.

ಒಂದು ಪ್ಯಾಟರ್ನನ್ನು ಹೀಗೆ ಬರೆಯುವಾಗ ಎರಡು ಮುಖಗಳನ್ನು ಹಿಡಿಯಬೇಕು.

ಮೊದಲನೆಯದು ರಚನೆ. ಯಾವ ಭಾಗಗಳಿವೆ, ಯಾವುದು ಯಾವುದಕ್ಕೆ ಗಂಟು ಬಿದ್ದಿದೆ. ಇದಕ್ಕೆ ತರ್ಕದ ವಾಕ್ಯಗಳು ಸಾಕು. ಆಮ್ನಾನ್ ಈಡನ್ ರೂಪಿಸಿದ ‘ಲೆಪಸ್’ ಭಾಷೆ ಈ ಕೆಲಸಕ್ಕೇ ಹುಟ್ಟಿದ್ದು. ಎಂಐಟಿಯ ಡೇನಿಯಲ್ ಜಾಕ್ಸನ್ ಅವರ ‘ಅಲಾಯ್’ ಕೂಡ ಇಂಥ ಸಂಬಂಧಗಳನ್ನು ಬರೆಯಲು ಅನುಕೂಲ.

ಎರಡನೆಯದು ನಡವಳಿಕೆ. ಯಾವುದಾದ ಮೇಲೆ ಯಾವುದು ಆಗಬಹುದು, ಯಾವುದು ಎಂದಿಗೂ ಆಗಬಾರದು. ಟೋನಿ ಹೋರ್ 1978ರಲ್ಲಿ ಮುಂದಿಟ್ಟ ಸಿಎಸ್‌ಪಿ ಇದಕ್ಕೆ ಒಂದು ದಾರಿ. ಅದನ್ನು ಆಧರಿಸಿ ಕಾರ್ನೆಗಿ ಮೆಲನ್ ವಿವಿಯ ರಾಬರ್ಟ್ ಅಲೆನ್ ಮತ್ತು ಡೇವಿಡ್ ಗಾರ್ಲನ್ 1990ರ ದಶಕದಲ್ಲಿ ‘ರೈಟ್’ ಎಂಬ ಭಾಷೆ ಕಟ್ಟಿದರು. ಅದರ ವಿಶೇಷವೇನು ಗೊತ್ತಾ? ಡಬ್ಬಿಗಳಷ್ಟೇ ಮುಖ್ಯವಾಗಿ ಬಾಣಗಳಿಗೂ ಅರ್ಥ ಕೊಟ್ಟದ್ದು. ‘ಎ ಇಂದ ಬಿ ಕಡೆಗೆ ಬಾಣ’ ಅಂತ ಎಲ್ಲರೂ ಎಳೆಯುತ್ತಾರೆ. ಆ ಬಾಣದ ಎರಡು ತುದಿಯವರು ಮಾತಾಡುವ ಕ್ರಮ ಏನು, ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತಾ ಕೂತುಬಿಡುವ ಸಾಧ್ಯತೆ ಇದೆಯಾ ಅಂತ ‘ರೈಟ್’ನಲ್ಲಿ ಬರೆದು ಪರೀಕ್ಷಿಸಬಹುದಿತ್ತು. ಇನ್ನೊಂದು ದಾರಿ ಲೆಸ್ಲಿ ಲ್ಯಾಂಪೋರ್ಟ್ ಅವರ ‘ಟಿಎಲ್‌ಎ ಪ್ಲಸ್’. ಕಾಲದ ಜೊತೆ ಬದಲಾಗುವ ಸ್ಥಿತಿಗಳನ್ನು ತರ್ಕದಲ್ಲಿ ಹಿಡಿಯುವ ಭಾಷೆ.

ಎರಡೂ ಮುಖ ಒಟ್ಟಿಗೆ ಬೇಕೆಂದವರೂ ಇದ್ದರು. 2003ರಲ್ಲಿ ತೌಫಿಕ್ ತೈಬಿ ಮತ್ತು ಡೇವಿಡ್ ಎನ್ಗೊ ಮುಂದಿಟ್ಟ ‘ಬಿಪಿಎಸ್‌ಎಲ್’ ಭಾಷೆ ರಚನೆಗೆ ಸಾಮಾನ್ಯ ತರ್ಕವನ್ನೂ ನಡವಳಿಕೆಗೆ ಲ್ಯಾಂಪೋರ್ಟರ ಕಾಲತರ್ಕವನ್ನೂ ಜೋಡಿಸಿತು. ಹೆಸರಿನಲ್ಲೇ ‘ಬ್ಯಾಲೆನ್ಸ್’ ಇತ್ತು.

ಆ ನಾಲ್ಕು ಎಂಟರ್‌ಗಳಿಗೆ ವಾಪಸ್

ಹೆಸರುಗಳು ಸಾಕು. ಒಂದು ಪ್ಯಾಟರ್ನನ್ನು ನಾವೇ ಬರೆದು ನೋಡೋಣ. ಐಡೆಂಪೊಟೆಂಟ್ ರಿಸೀವರ್ ತಗೊಳ್ಳಿ. ಕನ್ನಡದಲ್ಲೇ, ಆದರೆ ಸಂದಿಲ್ಲದ ಹಾಗೆ:

ಸ್ಥಿತಿ: ‘ಕಂಡವು’ ಎಂದರೆ ಈಗಾಗಲೇ ಬಂದಿರುವ ಗುರುತುಗಳ ಗಣ. ‘ಮೊತ್ತ’ ಎಂದರೆ ಲೆಕ್ಕದಲ್ಲಿರುವ ಹಣ.

ಆರಂಭ: ಕಂಡವು ಖಾಲಿ. ಮೊತ್ತ = 0.

ಕ್ರಿಯೆ: ಒಂದು ಗುರುತು, ಒಂದು ಹಣ ಇರುವ ಸಂದೇಶ ಬಂದಾಗ, ಆ ಗುರುತು ‘ಕಂಡವು’ಗಳಲ್ಲಿ ಇಲ್ಲದಿದ್ದರೆ, ಗುರುತನ್ನು ‘ಕಂಡವು’ಗಳಿಗೆ ಸೇರಿಸು ಮತ್ತು ಹೊಸ ಮೊತ್ತ = ಹಳೆ ಮೊತ್ತ + ಹಣ. ಗುರುತು ಆಗಲೇ ಇದ್ದರೆ ಎರಡೂ ಬದಲಾಗುವುದಿಲ್ಲ.

ಎಂದೂ ಮುರಿಯಬಾರದ ನಿಯಮ: ಮೊತ್ತ = ‘ಕಂಡವು’ಗಳಲ್ಲಿರುವ ಪ್ರತಿ ಗುರುತಿನ ಹಣವನ್ನು ಒಂದೊಂದೇ ಸಲ ಕೂಡಿದ್ದು.

ಕೊನೆಯ ಸಾಲಿಗೆ ‘ಇನ್‌ವೇರಿಯಂಟ್’ ಅನ್ನುತ್ತಾರೆ. ಇಡೀ ಬರಹದ ಜೀವ ಇರುವುದು ಅಲ್ಲಿ. ಈಗ ಇದನ್ನು ಮಾಡೆಲ್ ಚೆಕರ್ ಎಂಬ ಪ್ರೋಗ್ರಾಮಿಗೆ ಕೊಟ್ಟರೆ ಅದು ಒಂದು ಚಿಕ್ಕ ಲೋಕ ಕಟ್ಟಿಕೊಳ್ಳುತ್ತದೆ: ಎರಡೋ ಮೂರೋ ಚೀಲ, ಒಂದಿಷ್ಟು ಎಂಟರ್. ಆ ಲೋಕದಲ್ಲಿ ಸಾಧ್ಯವಿರುವ ಪ್ರತಿಯೊಂದು ಕ್ರಮವನ್ನೂ ಬಿಡದೆ ಓಡಿಸಿ ನಿಯಮ ಎಲ್ಲಾದರೂ ಮುರಿಯಿತಾ ಅಂತ ನೋಡುತ್ತದೆ. ಮುರಿದರೆ, ಯಾವ ಹೆಜ್ಜೆಯಾದ ಮೇಲೆ ಯಾವ ಹೆಜ್ಜೆ ಇಟ್ಟಾಗ ಮುರಿಯಿತು ಅಂತ ಪಟ್ಟಿ ಕೊಡುತ್ತದೆ.

ಮೊದಲ ಪರೀಕ್ಷೆ. ಕ್ರಿಯೆಯ ಎರಡು ಭಾಗಗಳ ನಡುವೆ ಕರೆಂಟ್ ಹೋಗಬಹುದು ಅಂತ ಸೇರಿಸಿ. ಮೊತ್ತ ಕೂಡಿದ್ದಾಯಿತು, ಗುರುತು ಬರೆಯುವ ಮೊದಲು ಕರೆಂಟ್ ಹೋಯಿತು. ವಾಪಸ್ ಬಂದ ಮೇಲೆ ಮತ್ತೆ ಎಂಟರ್. ಗುರುತು ಇಲ್ಲವಲ್ಲ, ಮತ್ತೆ ಕೂಡುತ್ತದೆ: 16,000. ಸರಿ, ಕ್ರಮ ತಿರುಗಿಸೋಣ. ಗುರುತು ಮೊದಲು ಬರೆದು, ಮೊತ್ತ ಕೂಡುವ ಮುಂಚೆ ಕರೆಂಟ್ ಹೋದರೆ? ಈಗ ಎಷ್ಟು ಎಂಟರ್ ಒತ್ತಿದರೂ ‘ಆಗಲೇ ಬಂದಿದೆ’ ಅನ್ನುತ್ತದೆ, ದುಡ್ಡು ಮಾಯ. ಅಂದರೆ ಎರಡೂ ಒಂದೇ ಏಟಿಗೆ ಆಗಬೇಕು, ಇಲ್ಲಾ ಎರಡೂ ಆಗಬಾರದು. ‘ನಕಲಿ ಸಂದೇಶಗಳನ್ನು ಕಡೆಗಣಿಸಬೇಕು’ ಎಂಬ ಮಾತಿನ ವಿವರಣೆಯೊಳಗೆ ಈ ಷರತ್ತು ಅಡಗಿತ್ತು, ಆದರೆ ಕಾಣುತ್ತಿರಲಿಲ್ಲ.

ಎರಡನೆಯದು ಇನ್ನೂ ಸೂಕ್ಷ್ಮ. ಗುರುತು ಕೊಡುವವರು ಯಾರು? ಚೀಲದ ಮೇಲಿನ ಬಾರ್‌ಕೋಡೇ ಗುರುತಾದರೆ ನಾಲ್ಕು ಎಂಟರ್‌ಗೂ ಒಂದೇ ಗುರುತು, ಪ್ಯಾಟರ್ನ್ ಕಾಪಾಡುತ್ತದೆ. ಪ್ರತಿ ಎಂಟರ್‌ಗೂ ಕಂಪ್ಯೂಟರ್ ಹೊಸ ಗುರುತು ಹುಟ್ಟಿಸಿದರೆ? ನಮ್ಮ ನಿಯಮ ಒಂದು ಕ್ಷಣವೂ ಮುರಿಯುವುದಿಲ್ಲ, ಪ್ಯಾಟರ್ನ್ ಅಕ್ಷರಶಃ ಪಾಲನೆಯಾಗುತ್ತದೆ, ಲೆಕ್ಕದಲ್ಲಿ ಮಾತ್ರ 32,000! ಹಾಗಾಗಿ ‘ಒಂದು ಚೀಲಕ್ಕೆ ಒಂದೇ ಗುರುತು’ ಎಂಬ ಹೊರಲೋಕದ ಷರತ್ತನ್ನೂ ಬರೆಯಬೇಕು.

ಮೂರನೆಯದು. ಯಾವ ಸಂದೇಶವನ್ನೂ ಸ್ವೀಕರಿಸದ ಸಿಸ್ಟಮ್ ಊಹಿಸಿಕೊಳ್ಳಿ. ಕಂಡವು ಸದಾ ಖಾಲಿ, ಮೊತ್ತ ಸದಾ 0. ಅದೂ ನಮ್ಮ ನಿಯಮ ಪಾಲಿಸುತ್ತದೆ! ‘ಕೆಟ್ಟದ್ದು ಆಗಬಾರದು’ ಅನ್ನೋದು ಒಂದು ಬಗೆಯ ಗುಣ, ‘ಒಳ್ಳೆಯದು ಕೊನೆಗಾದರೂ ಆಗಲೇಬೇಕು’ ಅನ್ನೋದು ಬೇರೆಯದೇ ಗುಣ. 1977ರಲ್ಲಿ ಲ್ಯಾಂಪೋರ್ಟ್ ಇವಕ್ಕೆ ಸೇಫ್ಟಿ, ಲೈವ್‌ನೆಸ್ ಅಂತ ಹೆಸರು ಕೊಟ್ಟರು. ಎರಡನ್ನೂ ಬರೆಯದಿದ್ದರೆ ವಿವರಣೆ ಅರ್ಧ ಮಾತ್ರ.

ದೊಡ್ಡವರೂ ಎಡವಿದ್ದಾರೆ

ಇದೆಲ್ಲ ಅತಿ ಬುದ್ಧಿವಂತಿಕೆ, ಅನುಭವಸ್ಥ ಎಂಜಿನಿಯರ್ ಕಣ್ಣಳತೆಯಲ್ಲೇ ಹಿಡಿಯುತ್ತಾನೆ ಅನ್ನಿಸಬಹುದು. ಮೂರು ಉದಾಹರಣೆ ಕೊಡುತ್ತೇನೆ.

‘ಡಬಲ್ ಚೆಕ್ಡ್ ಲಾಕಿಂಗ್’ ಎಂಬ ಪ್ಯಾಟರ್ನ್ 1990ರ ದಶಕದಲ್ಲಿ ಬಹಳ ಜನಪ್ರಿಯ. ಒಂದು ವಸ್ತುವನ್ನು ಒಂದೇ ಸಲ ಸೃಷ್ಟಿಸಿ ಎಲ್ಲರೂ ಹಂಚಿಕೊಳ್ಳಲು ಬಳಸುವ ಉಪಾಯ ಅದು. ಜಾವಾ ಭಾಷೆಯಲ್ಲಿ ಅದು ಕೆಲಸ ಮಾಡುತ್ತಿರಲಿಲ್ಲ! ವಸ್ತು ಪೂರ್ತಿ ಸಿದ್ಧವಾಗುವ ಮೊದಲೇ ಅದರ ವಿಳಾಸ ಬೇರೆಯವರಿಗೆ ಕಾಣಿಸಬಹುದಿತ್ತು, ಮನೆ ಕಟ್ಟಿ ಮುಗಿಯುವ ಮುಂಚೆ ಗೇಟಿಗೆ ನಂಬರ್ ಪ್ಲೇಟ್ ಬಡಿದ ಹಾಗೆ. ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುತ್ತಿರಲಿಲ್ಲ. ಜಾವಾದ ಮೆಮೊರಿ ನಿಯಮಗಳನ್ನೇ ನಿಖರವಾಗಿ ಮತ್ತೆ ಬರೆದು 2004ರ ಜಾವಾ 5ರಲ್ಲಿ ಸರಿಪಡಿಸಬೇಕಾಯಿತು. ಆಗಲೂ ‘ವೊಲಟೈಲ್’ ಎಂಬ ಒಂದು ಪದ ಸೇರಿಸಿದರೆ ಮಾತ್ರ.

ಎರಡನೆಯದು ‘ಕಾರ್ಡ್’. ಯಜಮಾನನಿಲ್ಲದ ಕಂಪ್ಯೂಟರ್‌ಗಳು ಉಂಗುರದ ಆಕಾರದಲ್ಲಿ ಕೈಹಿಡಿದು ಮಾಹಿತಿ ಹುಡುಕುವ ವಿನ್ಯಾಸ. 2001ರ ಈ ಪ್ರಬಂಧವನ್ನು ಸಾವಿರಾರು ಸಂಶೋಧಕರು ಉಲ್ಲೇಖಿಸಿದ್ದಾರೆ. ಎಟಿ ಆ್ಯಂಡ್ ಟಿ ಪ್ರಯೋಗಾಲಯದ ಪಮೇಲಾ ಝೇವ್ ಅದನ್ನು ‘ಅಲಾಯ್’ನಲ್ಲಿ ಬರೆದು ನೋಡಿದಾಗ, ವಿವರಿಸಿದ ರೂಪದಲ್ಲಿ ಅದು ಸರಿಯಿಲ್ಲ ಎಂದು ತೋರಿತು. 2012ರಲ್ಲಿ ಆಕೆ ಅದನ್ನು ಪ್ರಕಟಿಸಿದರು. ಆಮೇಲೆ ಸರಿಯಾದ ರೂಪವನ್ನೂ ಅದರ ಸಾಧನೆಯನ್ನೂ ಅವರೇ ಕೊಟ್ಟರು.

ಮೂರನೆಯದು ಅಮೆಜಾನ್. 2011ರಿಂದ ಅಲ್ಲಿನ ಎಂಜಿನಿಯರ್‌ಗಳು ಟಿಎಲ್‌ಎ ಪ್ಲಸ್ ಬಳಸತೊಡಗಿದರು. ಡೈನಮೊಡಿಬಿ ಎಂಬ ಡೇಟಾಬೇಸಿನ ವಿನ್ಯಾಸದಲ್ಲಿ ಮಾಡೆಲ್ ಚೆಕರ್ ಒಂದು ದೋಷ ಹಿಡಿಯಿತು. ಅದು ಬಯಲಾಗಬೇಕಾದರೆ ಕನಿಷ್ಠ 35 ಹೆಜ್ಜೆಗಳು ಒಂದು ನಿರ್ದಿಷ್ಟ ಕ್ರಮದಲ್ಲಿ ನಡೆಯಬೇಕಿತ್ತು. ವಿನ್ಯಾಸ ಪರಿಶೀಲನೆ, ಕೋಡ್ ಪರಿಶೀಲನೆ, ಟೆಸ್ಟಿಂಗ್ ಎಲ್ಲ ದಾಟಿಕೊಂಡು ಬಂದಿದ್ದ ದೋಷ ಅದು. 35 ಹೆಜ್ಜೆ ಯಾವ ಮನುಷ್ಯನ ಕಣ್ಣಳತೆಗೆ ಸಿಗುತ್ತದೆ ಹೇಳಿ?

ಹಾಗಂತ ಇದು ಮಂತ್ರದಂಡವಲ್ಲ

ಮಾಡೆಲ್ ಸರಿ ಅಂದ ಮಾತ್ರಕ್ಕೆ ಕೋಡ್ ಸರಿ ಅಂತಲ್ಲ. ನಡುವೆ ಮನುಷ್ಯರು ಬರೆಯುತ್ತಾರೆ, ತಪ್ಪುತ್ತಾರೆ. ಮೂರು ಚೀಲಗಳ ಲೋಕದಲ್ಲಿ ಮುರಿಯದ ನಿಯಮ ಮೂರು ಲಕ್ಷದಲ್ಲೂ ಮುರಿಯಲ್ಲ ಎನ್ನಲು ಬೇರೆ ಸಾಧನೆ ಬೇಕು. ಎಲ್ಲ ಪ್ಯಾಟರ್ನ್‌ಗಳನ್ನೂ ಹೀಗೆ ಕಟ್ಟಿಹಾಕುವುದು ಒಳ್ಳೆಯದಲ್ಲ ಎಂಬ ವಾದದಲ್ಲೂ ಹುರುಳಿದೆ. ಜಗುಲಿಯ ಅಳತೆ ನಿಗದಿ ಮಾಡಿಬಿಟ್ಟರೆ ಅದು ಪ್ಯಾಟರ್ನ್ ಆಗಿ ಉಳಿಯದೆ ಒಂದು ಮನೆಯ ನಕ್ಷೆ ಆಗಿಬಿಡುತ್ತದೆ. ಸಮಯ, ದುಡ್ಡು, ಕಲಿತ ಜನ ಎಲ್ಲವೂ ಬೇಕು. ಒಂದು ಫುಡ್ ಡೆಲಿವರಿ ಆ್ಯಪ್‌ನ ಬಣ್ಣ ಬದಲಿಸಲು ಟಿಎಲ್‌ಎ ಪ್ಲಸ್ ಬೇಡ.

ದೊಡ್ಡ ಮಿತಿ ಇನ್ನೊಂದಿದೆ. ಏನನ್ನು ನಿಯಮವಾಗಿ ಬರೆಯಬೇಕು ಅಂತ ಗಣಿತ ಹೇಳಿಕೊಡುವುದಿಲ್ಲ. ಪಡಿತರ ಅಂಗಡಿಯ ಯಂತ್ರದ ಮುಂದೆ ಬೆರಳು ಒರೆಸಿ ಒರೆಸಿ ಒತ್ತುವ ಅಜ್ಜಿಯನ್ನು ನೆನೆಸಿಕೊಳ್ಳಿ. ‘ಬೆರಳಚ್ಚು ಹೊಂದದವರಿಗೆ ಅಕ್ಕಿ ಹೋಗಬಾರದು’ ಅನ್ನೋದು ಸೇಫ್ಟಿ ನಿಯಮ. ಯಾರಿಗೂ ಅಕ್ಕಿ ಕೊಡದ ಯಂತ್ರ ಅದನ್ನು ಅತ್ಯುತ್ತಮವಾಗಿ ಪಾಲಿಸುತ್ತದೆ, ಅಲ್ಲಿ ಸೋರಿಕೆಯೇ ಇಲ್ಲ! ‘ಹಕ್ಕಿರುವವರಿಗೆ ಈ ತಿಂಗಳೊಳಗೆ ಅಕ್ಕಿ ಸಿಗಲೇಬೇಕು’ ಅನ್ನೋದು ಲೈವ್‌ನೆಸ್. ಯಾವುದನ್ನು ಬರೆದರು, ಯಾವುದನ್ನು ಬರೆಯದೆ ಬಿಟ್ಟರು ಅನ್ನೋದು ಎಂಜಿನಿಯರಿಂಗ್ ಅಲ್ಲ, ರಾಜಕೀಯ. ಗಣಿತದ ಬರಹದ ಉಪಕಾರ ಏನೆಂದರೆ, ಬಿಟ್ಟಿದ್ದು ಬಿಟ್ಟಂತೆ ಕಾಣುತ್ತದೆ. ಬೆರಳಿಟ್ಟು ತೋರಿಸಿ ಜಗಳ ಆಡಬಹುದು.

‘ಸರಿಯಾಗಿ ಕೆಲಸ ಮಾಡುತ್ತಿತ್ತು’

ಬ್ರಿಟನ್ನಿನಲ್ಲಿ 1984ರ ಒಂದು ಕಾನೂನಿನ 69ನೇ ಕಲಂ ಪ್ರಕಾರ, ಕಂಪ್ಯೂಟರ್ ದಾಖಲೆಯನ್ನು ಸಾಕ್ಷ್ಯವಾಗಿ ಕೊಡುವವರು ಆ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿತ್ತು ಅಂತ ತೋರಿಸಬೇಕಿತ್ತು. 1999ರ ಕಾಯ್ದೆಯೊಂದು ಅದನ್ನು ತೆಗೆದುಹಾಕಿತು. ಆಮೇಲೆ ಉಳಿದದ್ದು ಊಹೆ: ವಿರುದ್ಧ ಪುರಾವೆ ಇಲ್ಲದಿದ್ದರೆ ಕಂಪ್ಯೂಟರ್ ಸರಿಯಾಗಿತ್ತು ಅಂತಲೇ ನಂಬಬೇಕು. ಒಂದು ಹಳ್ಳಿಯ ಪೋಸ್ಟ್ ಮಾಸ್ಟರ್ ಆ ವಿರುದ್ಧ ಪುರಾವೆಯನ್ನು ಎಲ್ಲಿಂದ ತರಬೇಕಿತ್ತು?

ನಮ್ಮಲ್ಲಿ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಕೇಳುತ್ತದೆ. ಹಳೆ ಕಾಯ್ದೆಯ 65ಬಿ ಕೂಡ ಕೇಳುತ್ತಿತ್ತು. ಆ ಅವಧಿಯಲ್ಲಿ ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿರಬೇಕು, ಇಲ್ಲವೇ ಅದರ ಕೆಡುಕು ದಾಖಲೆಯನ್ನು ಬಾಧಿಸಿರಬಾರದು ಎಂಬುದು ಷರತ್ತು. ಹೊಸ ಪ್ರಮಾಣಪತ್ರದಲ್ಲಿ ದಾಖಲೆಯ ಹ್ಯಾಶ್ ಮೌಲ್ಯವನ್ನೂ ಬರೆಯಬೇಕು. ಒಳ್ಳೆಯದೇ. ಆದರೆ ಹ್ಯಾಶ್ ಹೇಳುವುದು ಇಷ್ಟೇ: ಈ ಫೈಲನ್ನು ಆಮೇಲೆ ಯಾರೂ ತಿದ್ದಿಲ್ಲ. ನಾಲ್ಕು ಸಲ ಜಮೆಯಾದ 8,000ದ ಫೈಲಿಗೂ ಅಚ್ಚುಕಟ್ಟಾದ ಹ್ಯಾಶ್ ಸಿಗುತ್ತದೆ. ಇನ್ನು ‘ಸರಿಯಾಗಿ ಕೆಲಸ ಮಾಡುತ್ತಿತ್ತು’ ಅನ್ನುವ ಸಾಲಿಗೆ ಸಹಿ ಹಾಕುವವರು ಯಾವ ‘ಸರಿ’ಗೆ ಹೋಲಿಸಿ ಸಹಿ ಹಾಕುತ್ತಾರೆ? ಕಂಪ್ಯೂಟರ್ ಆನ್ ಆಗಿತ್ತು ಅನ್ನೋದಕ್ಕಾ?

ನನ್ನ ವಾದ ಸರಳ. ನಾಗರಿಕರ ಹಣ, ಅನ್ನ, ಸ್ವಾತಂತ್ರ್ಯ ಮುಟ್ಟುವ ಸಾರ್ವಜನಿಕ ಸಾಫ್ಟ್‌ವೇರ್‌ಗಳು ಏನನ್ನು ಎಂದೂ ಮಾಡಬಾರದು, ಏನನ್ನು ಮಾಡಲೇಬೇಕು ಎಂಬ ನಿಯಮಗಳ ಪಟ್ಟಿ ನಿಖರ ಭಾಷೆಯಲ್ಲಿ ಪ್ರಕಟವಾಗಬೇಕು. ಕೋಡ್ ಕೇಳಿದರೆ ‘ವ್ಯಾಪಾರ ರಹಸ್ಯ’ ಅನ್ನುತ್ತಾರೆ. ಮಾಹಿತಿ ಹಕ್ಕು ಕಾಯ್ದೆಯ 8(1)(ಡಿ) ಅದಕ್ಕೆ ಅವಕಾಶವನ್ನೂ ಕೊಡುತ್ತದೆ. ಆದರೆ ‘ಒಂದು ಚೀಲ ಒಂದೇ ಸಲ ಲೆಕ್ಕಕ್ಕೆ ಬರುತ್ತದೆ’ ಅನ್ನುವ ವಾಕ್ಯದಲ್ಲಿ ಯಾವ ರಹಸ್ಯವಿದೆ? ಅದನ್ನು ಬರೆದುಕೊಡಲು ಹಿಂಜರಿಯುವವರು ಆ ಲೆಕ್ಕದ ಮೇಲೆ ಯಾರನ್ನೂ ಕಟಕಟೆಗೆ ಏರಿಸಬಾರದು.

ಮುಂದಿನ ಸಲ ಯಾರಾದರೂ ಅಧಿಕಾರಿಯೋ ಮಂತ್ರಿಯೋ ‘ಸಿಸ್ಟಮ್ ಫೂಲ್‌ಪ್ರೂಫ್’ ಅಂದಾಗ ನೀವು ಕೇಳಬೇಕಾದ್ದು ಎರಡೇ ಪ್ರಶ್ನೆ. ಯಾವ ನಿಯಮ ಮುರಿಯುವುದಿಲ್ಲ ಅಂತ ಹೇಳುತ್ತಿದ್ದೀರಿ? ಅದನ್ನು ಪರೀಕ್ಷಿಸಿದವರು ಯಾರು?